ಕುಡಿಯುವವನಿಗೂ ಅರ್ಥ ಹೇಳಲು ಬಿಡಿ: ಚಟವನ್ನು ಮಾತಾಡಿಸುವ ಚಿಕಿತ್ಸೆಗೊಂದು ಕೈಪಿಡಿ

ಬೆಳಿಗ್ಗೆ ಹಲ್ಲುಜ್ಜುತ್ತಾ "ಇವತ್ತಿನಿಂದ ಮುಟ್ಟಲಿಕ್ಕಿಲ್ಲ" ಅನ್ನುತ್ತಾನೆ. ಆ ಹೊತ್ತಿಗೆ ಅದು ಸುಳ್ಳಲ್ಲ. ಸಂಜೆ ಸೊಸೈಟಿಗೆ ಹಾಲು ಕೊಡಲು ಹೋದವನು ಎರಡು ಕ್ವಾರ್ಟರ್ ಏರಿಸಿಕೊಂಡು ಬರುತ್ತಾನೆ. ಮನೆಯವರ ಲೆಕ್ಕದಲ್ಲಿ ಅವನು ಮಾತಿಗೆ ನಿಲ್ಲದವ, ನೆಂಟರ ಲೆಕ್ಕದಲ್ಲಿ ಮನೋಬಲ ಇಲ್ಲದವ. ಭಾಗಗಳ ಚಿಕಿತ್ಸೆ ಇದನ್ನೇ ಬೇರೆ ತರಹ ನೋಡುತ್ತದೆ. ಬೆಳಿಗ್ಗೆ ಮಾತು ಕೊಟ್ಟವನು ಒಬ್ಬ, ಸಂಜೆ ಕುಡಿದವನು ಇನ್ನೊಬ್ಬ. ಇಬ್ಬರೂ ಒಂದೇ ಮೈಯಲ್ಲಿ ವರ್ಷಗಟ್ಟಲೆ ಬಿಡಾರ ಹೂಡಿದ್ದಾರೆ, ಆದರೆ ಒಬ್ಬರನ್ನೊಬ್ಬರು ಕೂತು ಮಾತಾಡಿಸಿದ್ದಿಲ್ಲ.

ಈ ಪದ್ಧತಿಯ ಹೆಸರು ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್, ಚಿಕ್ಕದಾಗಿ ಐಎಫ್‌ಎಸ್ (ಅರಣ್ಯ ಸೇವೆಗೂ ಇದಕ್ಕೂ ಸಂಬಂಧವಿಲ್ಲ). 1980ರ ದಶಕದಲ್ಲಿ ಅಮೆರಿಕದ ಕುಟುಂಬ ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಸ್ ಇದನ್ನು ರೂಪಿಸಿದರು. ವಿಪರೀತ ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆಯವರಿಗೆ ಚಿಕಿತ್ಸೆ ಕೊಡುತ್ತಿದ್ದಾಗ, "ನನ್ನೊಳಗೆ ಒಬ್ಬಳು ಹೀಗೆ ಹೇಳುತ್ತಾಳೆ, ಇನ್ನೊಬ್ಬಳು ಹಾಗೆ ಹೇಳುತ್ತಾಳೆ" ಎಂದು ಅವರು ಹೇಳಿದ್ದನ್ನು ಶ್ವಾರ್ಟ್ಸ್ ಅಕ್ಷರಶಃ ತೆಗೆದುಕೊಂಡು ಆ ಒಳಗಿನವರ ಜೊತೆಗೇ ಮಾತಿಗಿಳಿದರು.

ಒಳಗಿನವರಲ್ಲಿ ಮೂರು ಬಗೆ. ಮೊದಲನೆಯವರು ಕಾರುಬಾರಿನವರು: ಬೈಯುವುದು, ಲೆಕ್ಕ ಇಡುವುದು, ಮಾನ ಕಾಯುವುದು ಇವರ ಕೆಲಸ. ಎರಡನೆಯವರು ಬೆಂಕಿ ಆರಿಸುವವರು: ನೋವು ಭಗ್ಗೆಂದ ಕೂಡಲೇ ಬಾಟಲಿಯೋ ಸಿಗರೇಟೋ ಮೊಬೈಲ್ ಜೂಜೋ, ಕೈಗೆ ಸಿಕ್ಕಿದ್ದನ್ನು ಸುರಿದು ಆರಿಸುತ್ತಾರೆ. ಮನೆ ಒದ್ದೆಯಾದರೂ ಅವರಿಗೆ ಚಿಂತೆಯಿಲ್ಲ. ಮೂರನೆಯವರು ಒಳಕೋಣೆಯಲ್ಲಿ ಕೂಡಿಹಾಕಲ್ಪಟ್ಟವರು: ಹಳೆಯ ಅವಮಾನ, ಹೆದರಿಕೆ, ಒಂಟಿತನ ಹೊತ್ತವರು, ಹೆಚ್ಚಾಗಿ ಎಳೆಯ ವಯಸ್ಸಿನವರು. ಈ ಮೂವರನ್ನೂ ಹಿಂದೆ ನಿಂತು ನೋಡಬಲ್ಲ ಒಂದು ಶಾಂತ ನೆಲೆ ಎಲ್ಲರಲ್ಲೂ ಇದೆ ಎಂಬುದು ಐಎಫ್‌ಎಸ್‌ನ ನಂಬಿಕೆ. ಇಂಗ್ಲಿಷಿನಲ್ಲಿ ಅದಕ್ಕೆ 'ಸೆಲ್ಫ್' ಎನ್ನುತ್ತಾರೆ. ಕನ್ನಡಕ್ಕೆ 'ಆತ್ಮ' ಎಂದು ತಂದರೆ ವೇದಾಂತದ ಚರ್ಚೆ ಶುರುವಾಗುತ್ತದೆ. 'ತನ್ನತನ' ಸಾಕು.

ಕಾಸರಗೋಡಿನ ಕುಂಬಳೆ ಸೀಮೆಯವರಿಗೆ ಇದು ಅಷ್ಟೇನೂ ಹೊಸತಲ್ಲ. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಕೌರವನ ಅರ್ಥ (ಪಾತ್ರದ ಮಾತು) ಹೇಳುವವರು ಕೌರವನನ್ನು ಹಳಿಯುತ್ತಾ ಕೂರುವುದಿಲ್ಲ, ಅವನ ಪರವಾಗಿ ಹೇಳಬಹುದಾದ ಮಾತನ್ನೆಲ್ಲ ಹೇಳಿ ಮುಗಿಸುತ್ತಾರೆ. ಕೇಳಿದವರು ಯಾರೂ ಮರುದಿನ ಕೌರವರಾಗುವುದಿಲ್ಲ. ಪದ ಹಾಡುವ ಭಾಗವತರು ಯಾವ ಪಾತ್ರವನ್ನೂ ವಹಿಸುವುದಿಲ್ಲ, ಆದರೆ ಯಾರ ಸರದಿ ಎಂಬುದು ಅವರ ಕೈಯಲ್ಲಿದೆ. ಅರ್ಥ ಉದ್ದವಾಯಿತೆಂದರೆ ಮುಂದಿನ ಪದ ಎತ್ತುತ್ತಾರೆ. ತನ್ನತನ ಎಂದರೆ ಆ ಭಾಗವತಿಕೆ. ಇದು ಮೈಮೇಲೆ ಬರುವುದಕ್ಕಿಂತ ಬೇರೆ ಎಂಬುದೂ ನೆನಪಿರಲಿ. ಹೊರಗಿನಿಂದ ಯಾರೂ ಬರುವುದಿಲ್ಲ, ಪ್ರಜ್ಞೆ ತಪ್ಪುವುದೂ ಇಲ್ಲ.

ಮೊದಲು ಮೈ

ಬೆಳಿಗ್ಗೆ ಕೈನಡುಕ ನಿಲ್ಲಿಸುವುದಕ್ಕೇ ಒಂದು ಪೆಗ್ ಬೇಕಾಗುವವರು ಈ ಲೇಖನ ಓದಿ ನಾಳೆಯೇ ಕುಡಿತ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗುತ್ತದೆ. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣಿಸುವುದು, ಜಾಗ ಗೊತ್ತಾಗದಿರುವುದು, ಜ್ವರ, ಎದೆಬಡಿತ ಏರುವುದು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್‌ನಿಂದಾಗಿ ಕೇರಳದ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ಆತ್ಮಹತ್ಯೆಗಳ ಸುದ್ದಿ ಬಂದದ್ದು ಮರೆತಿರಲಾರಿರಿ. ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಹೊರಟ ಸರ್ಕಾರಿ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿತ್ತು.

ವೈದ್ಯರಿಗೆ ಹೇಳಲು ಲೆಕ್ಕ ಬೇಕು. 42.8 ಶೇಕಡದ ಬ್ರಾಂಡಿಯೋ ರಮ್ಮೋ 180 ಮಿಲಿಯ ಒಂದು ಕ್ವಾರ್ಟರ್ ಎಂದರೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ. 10 ಗ್ರಾಂಗೆ ಒಂದು ಯೂನಿಟ್ ಎಂದರೆ ಆರು ಯೂನಿಟ್. 8 ಶೇಕಡದ ಸ್ಟ್ರಾಂಗ್ ಬಿಯರ್ 650 ಮಿಲಿಯ ಬಾಟಲಿಯಲ್ಲಿ ನಾಲ್ಕು ಯೂನಿಟ್. ಕಳ್ಳಿನ ಲೆಕ್ಕ ಹಿಡಿಯುವುದು ಕಷ್ಟ, ಇಳಿಸಿದ ಹೊತ್ತಿನಿಂದ ಅದು ಹುಳಿಯುತ್ತಾ ಖಡಕ್ಕಾಗುತ್ತಾ ಹೋಗುತ್ತದೆ. "ಸ್ವಲ್ಪ ಸ್ವಲ್ಪ" ಎಂಬ ಉತ್ತರದಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಒಂದು ವಾರದ ಯೂನಿಟ್ ಬರೆದು ಕೊಂಡುಹೋಗಿ.

ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬಂದರೆ ಸರಿಹೋದೀತು ಎಂಬ ಎಣಿಕೆ ನಮ್ಮಲ್ಲಿದೆ. ಹೆಚ್ಚು ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕೇಳುವುದರಲ್ಲಿ ತಪ್ಪಿಲ್ಲ: "ಡಾಕ್ಟ್ರೇ, ಇವರು ದಿನಾ ಕುಡಿಯುತ್ತಾರೆ, ಥಯಾಮಿನ್ ಕೊಟ್ಟಿದ್ದೀರಾ?"

ಇನ್ನೊಂದು ಅಪಾಯ ಅಡುಗೆಮನೆಯಿಂದಲೇ ಹೊರಡುತ್ತದೆ. "ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ" ಎಂದು ಮಾರುವ ಪುಡಿ, ಮಾತ್ರೆಗಳಲ್ಲಿ ಡೈಸಲ್ಫಿರಾಮ್ ಇರಬಹುದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ಕಾಯಿಲೆಯವರು ಸತ್ತೇ ಹೋಗಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ ಕೊಟ್ಟರೆ ಅದು ಔಷಧ. ಕದ್ದು ಕೊಟ್ಟರೆ ವಿಷಪ್ರಾಶನ.

ಮೂರು ಸಂಜೆಗಳ ನಕ್ಷೆ

ಮೈ ಒಂದು ಹದಕ್ಕೆ ಬಂದ ಮೇಲೆ ಈ ಕೆಲಸ. ಅಮಲಿನಲ್ಲಿ ಬೇಡ, ಚಪಲ ಏರಿದ ಸಂಜೆಯೂ ಬೇಡ. ಬೆಳಗಿನ ಕಾಫಿ ಆದ ಮೇಲೆ 20 ನಿಮಿಷ, ವಾರಕ್ಕೆ ಮೂರು ದಿನ ಸಾಕು.

ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಕೊನೆಯ ಮೂರು ಸಲ ಕುಡಿದದ್ದನ್ನು ನೆನಪಿಸಿಕೊಂಡು, ಪ್ರತಿಯೊಂದಕ್ಕೂ ಮೊದಲ ಗುಟುಕಿನಿಂದ ಅರ್ಧ ಗಂಟೆ ಹಿಂದಕ್ಕೆ ನಡೆಯಿರಿ. ಹೊತ್ತು, ಜಾಗ, ಮೈಯಲ್ಲಿ ಎಲ್ಲಿ ಏನಾಯಿತು, ಒಳಗೆ ಯಾವ ಮಾತು ಕೇಳಿಸಿತು, ಆ ಮಾತು ಯಾವ ಭಾಷೆಯಲ್ಲಿತ್ತು, ಇಷ್ಟನ್ನು ಬರೆಯಿರಿ.

ಕಟ್ಟಿದ ಉದಾಹರಣೆಯೊಂದನ್ನು ನೋಡೋಣ. ಪೆರ್ಲದ ಕಡೆಯ ಅಡಿಕೆ ಕೃಷಿಕರು, ವಯಸ್ಸು 46. ಜುಲೈ ತಿಂಗಳು, ಮಳೆ ಬಿಡುವು ಕೊಡದೆ ಕೊಳೆರೋಗಕ್ಕೆ ಎರಡನೇ ಸಲದ ಮೈಲುತುತ್ತು ಹೊಡೆಯಲಾಗಿಲ್ಲ. ಅವರ ಪುಟದಲ್ಲಿ ಹೀಗಿದೆ: "ಸಂಜೆ 6.10. ತೋಟದ ಕೆಳಗಿನ ಕಣಿ. ಮರದ ಬುಡದಲ್ಲಿ ಹಸಿ ಕಾಯಿ ಉದುರಿ ಬಿದ್ದಿತ್ತು, ಎತ್ತಿ ನೋಡಿದರೆ ತೊಟ್ಟಿನ ಹತ್ತಿರ ಬಿಳಿ ಬೂಸ್ಟು. ಎದೆಯ ಮಧ್ಯ ಕಲ್ಲಿಟ್ಟ ಹಾಗೆ. ಅಪ್ಪನ ಸ್ವರ: ನಿನ್ನ ಕೈಗೆ ಕೊಟ್ಟ ತೋಟ ಉದ್ಧಾರವಾದ ಹಾಗೆಯೇ. 6.15. ನಾನೇ ನನಗೆ ಬೈದುಕೊಂಡೆ, ಕೈಲಾಗದವ ಅಂತ. 6.20. ಪೇಟೆಗೆ ಹೋಗಿ ಬರ್ತೇನೆ ಅಂದೆ. ಆ ಮಾತು ಬಾಯಿಂದ ಹೊರಟ ಕೂಡಲೇ ಎದೆ ಹಗುರ."

ಕೊನೆಯ ಸಾಲು ನೋಡಿ. ಎದೆ ಹಗುರವಾದದ್ದು ಕುಡಿಯುವ ಮೊದಲೇ. ಬೆಂಕಿ ಆರಿಸುವವನು ಎದ್ದು ನಿಂತನೆಂಬುದೇ ಸಮಾಧಾನ ಕೊಟ್ಟಿತು. ಈ ಐದು ಸಾಲಿನಲ್ಲಿ ಮೂವರೂ ಇದ್ದಾರೆ: "ಕೈಲಾಗದವ" ಅಂದವನು ಕಾರುಬಾರಿ, "ಪೇಟೆಗೆ ಹೋಗಿ ಬರ್ತೇನೆ" ಅಂದವನು ಬೆಂಕಿ ಆರಿಸುವವನು, ಅಪ್ಪನ ಸ್ವರಕ್ಕೆ ಕಲ್ಲಾದವನು ಒಳಕೋಣೆಯ ಹುಡುಗ. ಬೈಗುಳ ಜೋರಾದಷ್ಟೂ ಹುಡುಗನಿಗೆ ನೋವು, ನೋವು ಹೆಚ್ಚಿದಷ್ಟೂ ಕುಡಿತ, ಕುಡಿತ ಹೆಚ್ಚಿದಷ್ಟೂ ಮರುದಿನದ ಬೈಗುಳ. ಮನೆಯವರು ಬೈದಾಗ ಅವರೂ ಕಾರುಬಾರಿಯ ಪಕ್ಷ ಸೇರಿದ ಹಾಗಾಗುತ್ತದೆ, ಚಕ್ರ ಇನ್ನೂ ಜೋರಾಗಿ ತಿರುಗುತ್ತದೆ.

ಭಾಷೆಯ ಕಾಲಂ ಯಾಕೆಂದರೆ, ಗಡಿನಾಡಿನ ತಲೆಯಲ್ಲಿ ನಾಲ್ಕೈದು ಭಾಷೆಗಳ ವಾಸ. ಲೆಕ್ಕಾಚಾರದವನು ಶಾಲೆಯ ಕನ್ನಡದಲ್ಲಿ ಮಾತಾಡಬಹುದು, ಒಳಕೋಣೆಯ ಹುಡುಗನಿಗೆ ತುಳುವೋ ಹವ್ಯಕ ಕನ್ನಡವೋ ಬ್ಯಾರಿಯೋ ಮಾತ್ರ ಬರುವುದಿರಬಹುದು. ಅವನನ್ನು ಪುಸ್ತಕದ ಕನ್ನಡದಲ್ಲಿ "ನಿನ್ನ ಅಗತ್ಯಗಳೇನು?" ಎಂದು ಕೇಳಿದರೆ ಅದು ಇನ್‌ಸ್ಪೆಕ್ಟರ್ ಕೇಳಿದ ಹಾಗಿರುತ್ತದೆ. ತುಳುವಿನಲ್ಲಿ "ನಿಕ್ಕ್ ದಾದ ಬೋಡು?" (ನಿನಗೆ ಏನು ಬೇಕು?) ಎಂದರೆ ತಲೆ ಎತ್ತುತ್ತಾನೆ. ಹೊರಗೆ ಯಾವ ಭಾಷೆಯಲ್ಲಿ ಚಿಕಿತ್ಸೆ ನಡೆದರೂ ಒಳಗಿನ ಪ್ರಶ್ನೆಯನ್ನು ಮನೆಮಾತಿನಲ್ಲೇ ಕೇಳಿ.

ಮಾತುಕತೆ

1. ಕಣ್ಣು ಮುಚ್ಚಿ, ಅಥವಾ ನೆಲ ನೋಡುತ್ತಾ ಕುಳಿತು, ಆ 6.20ರ ಗಳಿಗೆಗೆ ಹೋಗಿ. "ಹೋಗಿ ಬರ್ತೇನೆ" ಅಂದವನು ಮೈಯಲ್ಲಿ ಎಲ್ಲಿದ್ದಾನೆ? ಗಂಟಲಲ್ಲೋ ಕೈಯಲ್ಲೋ ಹೊಟ್ಟೆಯಲ್ಲೋ?

2. ಅಲ್ಲೇ ಗಮನ ನಿಲ್ಲಿಸಿ. ರೂಪ ಕಂಡರೆ ಕಾಣಲಿ. ಕೆಲವರಿಗೆ ಬರೀ ಒಂದು ಬಿಗಿತ ಇರುತ್ತದೆ, ಅದೂ ಸಾಕು.

3. ಈಗ ಇಡೀ ಪದ್ಧತಿಯ ಕೀಲಿಪ್ರಶ್ನೆ: ಅವನ ಬಗ್ಗೆ ನಿಮಗೆ ಏನನ್ನಿಸುತ್ತದೆ? "ಅಸಹ್ಯ", "ಹೆದರಿಕೆ", "ಕೊಂದುಬಿಡಬೇಕು" ಎಂಬ ಉತ್ತರ ಬಂದರೆ ಮಾತಾಡುತ್ತಿರುವುದು ಕಾರುಬಾರಿ. ಅವನಿಗೆ ಮರ್ಯಾದೆಯಿಂದಲೇ ಹೇಳಬೇಕು: "ನೀನು ಈ ಮನೆಯ ಮಾನ ಕಾಯುತ್ತಿದ್ದೀ, ಗೊತ್ತು. ಹತ್ತು ನಿಮಿಷ ಜಗಲಿಯಲ್ಲಿ ಕೂತಿರು. ಅವನು ಏನು ಹೇಳುತ್ತಾನೆಂದು ಕೇಳುತ್ತೇನೆ, ಮನೆಯ ಕೀಲಿ ಅವನಿಗೆ ಕೊಡುವುದಿಲ್ಲ." ಒಪ್ಪದಿದ್ದರೆ ಅವತ್ತು ಅವನ ಜೊತೆಗೇ ಮಾತಾಡಿ, ಯಾಕೆ ಒಪ್ಪುವುದಿಲ್ಲ ಎಂದು ಕೇಳಿ. ಮೊದಲ ಎರಡು ವಾರ ಇದೇ ಆದರೂ ಹಿನ್ನಡೆಯೇನಲ್ಲ.

4. ಉತ್ತರ "ಪಾಪ, ಇವನು ಯಾಕೆ ಹೀಗೆ?" ಎಂಬ ಕುತೂಹಲಕ್ಕೆ ತಿರುಗಿದ ಮೇಲಷ್ಟೇ ಕುಡಿಯುವವನನ್ನು ಮಾತಾಡಿಸಿ. ಎಷ್ಟು ವರ್ಷದಿಂದ ಈ ಕೆಲಸ? ನನಗೆ ಏನು ಒಳ್ಳೆಯದು ಮಾಡಲು ನೋಡುತ್ತಿದ್ದೀ? ನನ್ನ ವಯಸ್ಸು ಎಷ್ಟೆಂದು ತಿಳಿದಿದ್ದೀ?

ಮೂರನೆಯ ಪ್ರಶ್ನೆ ತಮಾಷೆಯಾಗಿ ಕಂಡೀತು, ಬಿಡಬೇಡಿ. 46ರ ಮನುಷ್ಯನೊಳಗೆ "ಹದಿನೇಳು" ಎಂಬ ಉತ್ತರ ಬರುವುದುಂಟು. ಅಪ್ಪನ ಎದುರು ಬಾಯಿ ಬಿಡಲಾಗದ ಪ್ರಾಯದಲ್ಲಿ ಕೆಲಸಕ್ಕೆ ಸೇರಿದವನು ಇನ್ನೂ ಅದೇ ವರ್ಷದಲ್ಲಿದ್ದಾನೆ. ಅಪ್ಪ ತೀರಿಹೋದದ್ದು, ತೋಟ ಈಗ ನಿಮ್ಮ ಹೆಸರಿನಲ್ಲಿರುವುದು ಅವನಿಗೆ ತಿಳಿದಿಲ್ಲ. ತಿಳಿಸಿ.

5. ಕೊನೆಯ ಪ್ರಶ್ನೆ: ನೀನು ಈ ಕೆಲಸ ಬಿಟ್ಟರೆ ಏನಾದೀತೆಂದು ಹೆದರಿಕೆ? ಉತ್ತರ ಹೇಗೆ ಬರುತ್ತದೋ ಹಾಗೆ ಬರೆದಿಡಿ, ತಿದ್ದಬೇಡಿ. "ನಿದ್ದೆ ಬರಲಿಕ್ಕಿಲ್ಲ", "ಎಲ್ಲರ ಮುಂದೆ ಅತ್ತುಬಿಡುತ್ತೀ", "ಹೆಂಡತಿಗೆ ಕೈ ಮಾಡುತ್ತೀ" ಎಂಬಂಥ ಉತ್ತರಗಳು ಬರುತ್ತವೆ. "ನಾನಿಲ್ಲದಿದ್ದರೆ ನೀನು ರಾತ್ರಿ ಬಾವಿಕಟ್ಟೆಗೆ ಹೋಗುತ್ತೀ" ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ. ಕುಡಿತ ತಡೆಹಿಡಿದಿರುವುದು ಸಾಯುವ ಆಸೆಯನ್ನು ಎಂದು ಅರ್ಥ. ಒಬ್ಬರೇ ಇರಬೇಡಿ, ಮನೆಯವರಿಗೆ ಹೇಳಿ, ಆ ದಿನವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಮೊದಲ ದಿನವೇ ಚೌಕಾಸಿಗೆ ಇಳಿಯಬೇಡಿ. "ಸರಿ, ಅರ್ಥವಾಯಿತು, ಇನ್ನು ಬಿಡು" ಎಂದರೆ ಕುಡಿಯುವವನಿಗೆ ಇದೂ ಕಾರುಬಾರಿಯ ಹೊಸ ಉಪಾಯ ಎಂದು ಗೊತ್ತಾಗುತ್ತದೆ, ಆ ಸಂಜೆ ಎರಡರ ಬದಲು ಮೂರು ಕ್ವಾರ್ಟರ್ ಇಳಿಯುತ್ತದೆ. ನಾಲ್ಕೈದು ಸಲ ಮಾತಾದ ಮೇಲೆ ಕೇಳಬಹುದು: "ಆ ಹುಡುಗನ ನೋವಿಗೆ ಬೇರೆ ದಾರಿ ಸಿಕ್ಕಿದರೆ ನಿನಗೆ ಈ ಡ್ಯೂಟಿ ಬೇಕಾ?" ಹೆಚ್ಚಿನ ಕಡೆ ಬರುವ ಉತ್ತರ: "ಸಾಕಾಗಿದೆ, ಆದರೆ ನಿನ್ನ ಮೇಲೆ ನಂಬಿಕೆ ಇಲ್ಲ."

ಒಳಕೋಣೆಯ ಬಾಗಿಲನ್ನು ಮಾತ್ರ ಒಬ್ಬರೇ ತೆರೆಯಬೇಡಿ. ಹೊಡೆತ, ಲೈಂಗಿಕ ದೌರ್ಜನ್ಯ, ಎಳವೆಯಲ್ಲಿ ಕಂಡ ಸಾವು ಅಲ್ಲಿರಬಹುದು. ಕಾವಲಿನವರ, ಅಂದರೆ ಕಾರುಬಾರಿ ಮತ್ತು ಬೆಂಕಿ ಆರಿಸುವವನ, ಒಪ್ಪಿಗೆಯಿಲ್ಲದೆ ನುಗ್ಗಿದರೆ ಅದೇ ರಾತ್ರಿ ಕುಡಿತ ದುಪ್ಪಟ್ಟಾಗಿ ತಿರುಗಿ ಬರುತ್ತದೆ. ಆ ಹುಡುಗನ ಕಥೆ ಪೂರ್ತಿ ಕೇಳಿ, ಅವನನ್ನು ಆ ಜಾಗದಿಂದ ಹೊರತಂದು, ಹೊತ್ತ ಹೊರೆ ಇಳಿಸುವುದು ತರಬೇತಾದ ಚಿಕಿತ್ಸಕರ ಎದುರು ಆಗಬೇಕಾದ ಕೆಲಸ. ಇಲ್ಲದ್ದು ಕೇಳಿಸುವ, ಕಾಣಿಸುವ ಮನೋರೋಗ ಇರುವವರು ಮನೋವೈದ್ಯರನ್ನು ಕೇಳದೆ ಈ ಅಭ್ಯಾಸಕ್ಕೇ ಇಳಿಯಬಾರದು.

ಎಲ್ಲಿ ದಾರಿ ತಪ್ಪುತ್ತದೆ

"ಕುಡಿದದ್ದು ನಾನಲ್ಲ, ನನ್ನ ಭಾಗ." ಈ ಮಾತು ಬೇಗ ಹುಟ್ಟಿಕೊಳ್ಳುತ್ತದೆ, ಹುಟ್ಟಿದ ದಿನವೇ ಕತ್ತರಿಸಿ. ಒಳಗಿನವರು ಮಾಡಿದ್ದಕ್ಕೆ ಹೊರಗಿನ ಲೆಕ್ಕ ಯಜಮಾನನದೇ: ಒಡೆದ ಬಾಗಿಲು, ಸೊಸೈಟಿ ಸಾಲ, ಮಗಳ ಫೀಸು. ಕರುಣೆ ಕುಡಿಯುವವನ ಉದ್ದೇಶಕ್ಕೆ, ಅವನ ಕೈಗೆ ಬೈಕಿನ ಕೀಲಿ ಕೊಡುವುದಕ್ಕಲ್ಲ.

ಇನ್ನೊಂದು ನಯವಾದ ಮೋಸ: ಕಾರುಬಾರಿ ಮೃದು ಸ್ವರ ಹಾಕಿಕೊಂಡು ತನ್ನತನದ ವೇಷ ಕಟ್ಟುತ್ತಾನೆ. ಗುರುತು ಹಿಡಿಯುವುದು ಸುಲಭ. ತನ್ನತನಕ್ಕೆ ಅವಸರವಿಲ್ಲ. ಕುಡಿಯುವವನು ಇವತ್ತೇ ಬದಲಾಗಬೇಕೆಂಬ ತುರ್ತು ಒಳಗೆ ಇದ್ದರೆ ಅದು ವೇಷ.

ಚಪಲ ಏರಿದ 20 ನಿಮಿಷ ಬೇರೆಯೇ ವಿಷಯ. ಆಗ ದೀರ್ಘ ಮಾತು ಬೇಡ. ಚಪಲದ ಅಲೆ ಸಾಧಾರಣವಾಗಿ 15ರಿಂದ 30 ನಿಮಿಷದಲ್ಲಿ ಏರಿ ಇಳಿಯುತ್ತದೆ. ಗಡಿಯಾರ ನೋಡಿ, ಹೊಟ್ಟೆಗೆ ಏನಾದರೂ ಹಾಕಿ (ಹಸಿದ ಹೊಟ್ಟೆಯಲ್ಲಿ ಅಲೆ ಇನ್ನೂ ಎತ್ತರ), ನಗದು ಮತ್ತು ಫೋನ್ ಇನ್ನೊಬ್ಬರ ಕೈಗೆ ಕೊಟ್ಟು ಒಂದೇ ಮಾತು ಹೇಳಿ: "ನೀನು ಎದ್ದು ನಿಂತದ್ದು ಗೊತ್ತಾಯಿತು. ಯಾವ ನೋವಿಗೆ ಎದ್ದೆ ಎಂದು ನಾಳೆ ಬೆಳಿಗ್ಗೆ ಕೇಳುತ್ತೇನೆ." ಬೆಳಿಗ್ಗೆ ಕೇಳಲೇಬೇಕು. ಕೊಟ್ಟ ಮಾತು ತಪ್ಪಿದರೆ ನಂಬಿಕೆ ಶೂನ್ಯಕ್ಕೆ ಬರುತ್ತದೆ. ಜಾರಿ ಕುಡಿದ ಮರುದಿನವೂ ಇದೇ ಕೆಲಸ: ನೋಟ್‌ಬುಕ್ಕಿನಲ್ಲಿ ಹೊಸ ಪುಟ, ಅರ್ಧ ಗಂಟೆ ಹಿಂದಿನ ನಡಿಗೆ.

ಮನೆಯವರಿಗೆ ಎರಡೇ ಮಾತು. ಅಮಲಿನಲ್ಲಿರುವವರ ಜೊತೆ ವಾದ ಬೇಡ, "ಈಗ ಊಟ ಮಾಡಿ ಮಲಗಿ, ಬೆಳಿಗ್ಗೆ ಮಾತಾಡುವ" ಎಂದರೆ ಮುಗಿಯಿತು. ಹೊಡೆತವಿದ್ದರೆ ಈ ಲೇಖನ ಬದಿಗಿಟ್ಟು 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಹೊಡೆಯುವವನ ಒಳಗಿನ ಹುಡುಗನನ್ನು ಅರ್ಥ ಮಾಡಿಕೊಳ್ಳುವುದು ಹೊಡೆಸಿಕೊಳ್ಳುವವರ ಕೆಲಸವಲ್ಲ.

ಎಲ್ಲಿಗೆ ಹೋಗುವುದು

ಚಟದ ಮಟ್ಟಿಗೆ ಐಎಫ್‌ಎಸ್‌ಗೆ ಇರುವ ಸಂಶೋಧನೆಯ ಆಧಾರ ಇನ್ನೂ ತೆಳು. ಕುಡಿತಕ್ಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳು, ಹೆರಾಯಿನ್ ಬಗೆಯ ಚಟಕ್ಕೆ ಬುಪ್ರೆನಾರ್ಫಿನ್, ಜೊತೆಗೆ ಮತ್ತೆ ಜಾರದ ಹಾಗೆ ಕಲಿಸುವ ತರಬೇತಿ, ಇವುಗಳ ಆಧಾರ ಗಟ್ಟಿ. ಹಾಗಾಗಿ ಇದನ್ನು ಅವುಗಳ ಪಕ್ಕದಲ್ಲಿ ಇಟ್ಟುಕೊಳ್ಳಿ, ಅವುಗಳ ಜಾಗದಲ್ಲಿ ಬೇಡ. "ಮಾತ್ರೆ ಬಿಡಿ, ಮಾತು ಸಾಕು" ಎನ್ನುವ ಚಿಕಿತ್ಸಕರಿಂದ ದೂರ ಇರಿ.

ಕೇರಳದ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಲ್ಲಿ ಜಿಲ್ಲೆಗೊಂದು ವ್ಯಸನಮುಕ್ತಿ ಕೇಂದ್ರವಿದೆ, ಕಾಸರಗೋಡಿನದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿ. ವಿಮುಕ್ತಿಯ ಫೋನ್ 14405. ಮಂಜೇಶ್ವರ, ಉಪ್ಪಳದವರಿಗೆ ನೀಲೇಶ್ವರಕ್ಕಿಂತ ಮಂಗಳೂರೇ ಹತ್ತಿರ, ಭಾಷೆಯೂ ಅಲ್ಲಿ ಸಲೀಸು. ಫೋನಿನಲ್ಲೇ ಮಾತಾಡುವುದಾದರೆ ಟೆಲಿ ಮಾನಸ್‌ನ 14416ರಲ್ಲಿ ಕನ್ನಡ ಬೇಕೆಂದು ಕೇಳಿ ಪಡೆಯಿರಿ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಂಖ್ಯೆ 14446. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ಅವರ ಹೊಣೆ. ಊರಿಗೆಲ್ಲ ಗೊತ್ತಾದೀತೆಂದು ಹಿಂಜರಿಯುವವರಿಗೆ ಈ ಮಾತು.

ಮೊದಲ ಭೇಟಿಗೆ ತೆಗೆದುಕೊಂಡು ಹೋಗಬೇಕಾದ್ದು: ಯೂನಿಟ್ ಲೆಕ್ಕದ ಚೀಟಿ, ಕೊನೆಯ ಸಲ ಕುಡಿದ ದಿನ ಮತ್ತು ಗಂಟೆ, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ, ಲಿವರ್ ಪರೀಕ್ಷೆ ಆಗಿದ್ದರೆ ಅದರ ವರದಿ, ಆ ನೋಟ್‌ಬುಕ್. ಮಲಯಾಳ ಸರಿಯಾಗಿ ಬಾರದ ಹಿರಿಯರ ಜೊತೆ ಮಲಯಾಳ ಬಲ್ಲ ಮಗನನ್ನೋ ಸೊಸೆಯನ್ನೋ ಕಳಿಸುವುದು ರೂಢಿ. ಮಾತ್ರೆ, ರಕ್ತಪರೀಕ್ಷೆ, ಅಡ್ಮಿಶನ್ನಿನ ಮಾತಿಗೆ ಅವರು ಇರಲಿ. ಒಳಗಿನವರ ಮಾತು ಶುರುವಾಗುವ ಹೊತ್ತಿಗೆ ಅವರನ್ನು ಹೊರಗಿನ ಬೆಂಚಿಗೆ ಕಳಿಸಿ, "ಕನ್ನಡವೋ ತುಳುವೋ ಬಲ್ಲ ಸ್ಟಾಫ್ ಯಾರಾದರೂ ಇದ್ದಾರಾ?" ಎಂದು ಕೇಳಿ. ಇಲ್ಲವಾದರೆ ಆ ಭಾಗವನ್ನು ಮಂಗಳೂರಿಗೋ ಫೋನಿಗೋ ಉಳಿಸಿಕೊಳ್ಳಿ. ಅಪ್ಪನ ಹದಿನೇಳನೇ ವಯಸ್ಸಿನ ನಾಚಿಕೆಯನ್ನು ಮಗನ ಬಾಯಿಂದ ತರ್ಜುಮೆ ಮಾಡಿಸಬೇಡಿ.